ಎರಡು ಎಕರೆ ಗದ್ದೆ ಸಾವಯವಕ್ಕೆ ತಿರುಗಿಸಿದರೆ ಲೆಕ್ಕ ಹೇಗೆ?

ಮದ್ದೂರು ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಎಕರೆ ನಾಲೆ ಗದ್ದೆ, ಒಂದು ಎಕರೆ ರಾಗಿ ಹೊಲ. ಈ ವರ್ಷದಿಂದ ಬೇಸಾಯ ನನ್ನದು. ಪೂರ್ತಿ ಸಾವಯವ ಮಾಡುವ ಆಸೆ. ಗೊಬ್ಬರ, ಔಷಧಿ ಖರ್ಚು ಉಳಿಯುತ್ತದೆ ಅಲ್ವಾ? ಸೊಸೈಟಿ ಸಾಲ ಇದೆ, ಅಪ್ಪ ಹೆದರುತ್ತಿದ್ದಾರೆ.

ಪಾಂಡವಪುರದ ಅಕ್ಕ:
ತಮ್ಮಾ, ನಾವು ಶುರು ಮಾಡಿ ಏಳು ವರ್ಷ ಆಯಿತು. ಖರ್ಚು ಉಳಿಯುತ್ತದೆ ಅಂತ ಮಾತ್ರ ಇಳಿಯಬೇಡ. ಸಬ್ಸಿಡಿಯಲ್ಲಿ 45 ಕೆಜಿ ಯೂರಿಯಾ ಮೂಟೆ 266 ರೂಪಾಯಿ ಚಿಲ್ಲರೆ, ಡಿಎಪಿ ಗೊಬ್ಬರದ ಮೂಟೆ 1,350. ಎಕರೆಗೆ ಎರಡು ಯೂರಿಯಾ, ಒಂದು ಡಿಎಪಿ ಬಿಟ್ಟರೆ ಉಳಿಯುವುದು 1,900ರ ಒಳಗೆ. ಕಳೆನಾಶಕ ಬಿಟ್ಟ ವರ್ಷ ನಮಗೆ ಎಕರೆಗೆ ಹನ್ನೆರಡು ಆಳು ಜಾಸ್ತಿ ಬೇಕಾಯಿತು. ಆಳಿಗೆ 350ರಂತೆ 4,200. ಕೊಟ್ಟಿಗೆ ಗೊಬ್ಬರ ಸಾಲದೆ ಎರಡು ಲೋಡ್ ಕೊಂಡೆವು, ಅದು ಬೇರೆ.

ಆ ವರ್ಷ, 22 ಕ್ವಿಂಟಾಲ್ ಭತ್ತ ಬರುತ್ತಿದ್ದ ಎಕರೆಯಲ್ಲಿ 15 ಬಂತು. ಮಿಲ್ಲಿನವರು ಮಾಮೂಲಿ ರೇಟೇ ಕೊಟ್ಟರು. ಆ ದಿನ ರಾತ್ರಿ ನಾನೂ ನಮ್ಮ ಯಜಮಾನರೂ ಊಟ ಮಾಡಲಿಲ್ಲ.

ನಾಲ್ಕನೇ ವರ್ಷಕ್ಕೆ ಇಳುವರಿ 19ಕ್ಕೆ ಬಂತು. ನಮ್ಮ ಕೈ ಹಿಡಿದದ್ದು ಇಳುವರಿಯಲ್ಲ, ಅಕ್ಕಿ. ರಾಜಮುಡಿ ಅನ್ನುವ ನಾಟಿ ಭತ್ತ ಬೆಳೆದು, ಪಾಲಿಶ್ ಕಡಿಮೆ ಮಾಡಿಸಿ, ಮೈಸೂರಿನಲ್ಲಿ ಇಪ್ಪತ್ತು ಮನೆಗೆ ನಾನೇ ಕೊಡುತ್ತೇನೆ. ಭತ್ತವನ್ನೇ ಮಾರಿಕೊಂಡು ಕೂತಿದ್ದರೆ ಯಾವತ್ತೋ ಬಿಟ್ಟುಬಿಡುತ್ತಿದ್ದೆವು.

ತುಮಕೂರು ತೆಂಗು:
ಸಾವಯವ ಸರ್ಟಿಫಿಕೇಟಿಗೆ ಭತ್ತ, ರಾಗಿಯಂಥ ಬೆಳೆಗೆ ಎರಡು ವರ್ಷ ಕಾಯಬೇಕು, ತೆಂಗಿಗೆ ಮೂರು. ಒಬ್ಬರೇ ಮಾಡಿಸಿದರೆ ದುಬಾರಿ. ಪಿಜಿಎಸ್ ಅಂದರೆ ರೈತರೇ ಗುಂಪಾಗಿ ಒಬ್ಬರ ಜಮೀನು ಇನ್ನೊಬ್ಬರು ನೋಡಿ ಖಾತ್ರಿ ಕೊಡುವ ಪದ್ಧತಿ. ಪಿಜಿಎಸ್‌ನಲ್ಲಿ ಅಕ್ಕಪಕ್ಕದ ಐದು ಜನ ರೈತರು ಸೇರಿದರೂ ಗುಂಪು ಆಗುತ್ತದೆ. ಕಾಯುವ ವರ್ಷಗಳಲ್ಲಿ ಪಿಜಿಎಸ್-ಗ್ರೀನ್ ಅಂತ ಮಾರಬಹುದು.

ಮದ್ದೂರು ಹುಡುಗ:
ಅಕ್ಕ, ಇನ್ನೊಂದು ಚಿಂತೆ. ನಮಗೆ ನೀರು ಬರುವುದೇ ಮೇಲಿನವರ ಗದ್ದೆಯಿಂದ. ಅವರು ಔಷಧಿ ಹೊಡೆಯುತ್ತಾರೆ.

ಪಾಂಡವಪುರದ ಅಕ್ಕ:
ಹಾಗಾದರೆ ಗದ್ದೆ ಈಗ ಬೇಡ. ಮೊದಲು ಬೇರೆ ಕಾಲುವೆ ಬಿಡಿಸಿಕೊಳ್ಳಬೇಕು, ಬದು ಎತ್ತರಿಸಬೇಕು. ಈ ಮುಂಗಾರಿಗೆ ರಾಗಿ ಹೊಲ ಒಂದನ್ನೇ ತಿರುಗಿಸು. ಅಲ್ಲಿ ಮಳೆ ನೀರು, ಸಾಲಿನ ನಡುವೆ ಎಡೆಕುಂಟೆ ಹೊಡೆದರೆ ಕಳೆಗೂ ಆಳು ಕಡಿಮೆ. ಜೊತೆಗೆ ರಾಗಿ ಸಾಲಿನ ನಡುನಡುವೆ ಅವರೆ, ತೊಗರಿ ಅಕ್ಕಡಿ ಹಾಕು. ಗದ್ದೆಯ ದುಡ್ಡಲ್ಲಿ ಸೊಸೈಟಿ ಕಂತು ತಪ್ಪದೆ ಕಟ್ಟು. ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡು ಬಾ. ನನ್ನ ಲೆಕ್ಕದ ಪುಸ್ತಕ ಅವರ ಕೈಗೇ ಕೊಡುತ್ತೇನೆ, ಆ 15 ಕ್ವಿಂಟಾಲಿನ ವರ್ಷದ್ದೂ ಸೇರಿ.