ಪದಚರ್ಚೆ: ‘ಕ್ವಿರ್ಕ್ಸ್ ಮೋಡ್’ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ವೆಬ್ ವಿನ್ಯಾಸದ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು, ಒಂದು ಅಧ್ಯಾಯದ ತಲೆಬರಹ ಬಾಕಿ. ಪುಟದ ನೆತ್ತಿಯಲ್ಲಿ ಡಾಕ್‌ಟೈಪ್ ಸಾಲು (ಪುಟ ಯಾವ ನಿಯಮದಂತೆ ಬರೆದದ್ದೆಂದು ಬ್ರೌಸರಿಗೆ ಹೇಳುವ ಸಾಲು) ಇಲ್ಲದಿದ್ದರೆ ಬ್ರೌಸರ್ ಹಳೆಯ ಕಾಲದ ರೀತಿಯಲ್ಲಿ ನಡೆದುಕೊಳ್ಳುತ್ತದಲ್ಲ, ಅದು. ‘ವಿಲಕ್ಷಣ ಸ್ಥಿತಿ’ ಎಂದು ಬರೆದಿದ್ದೆ. ಓದಿದರೆ ಜ್ವರ ನೆತ್ತಿಗೇರಿದ ರೋಗಿಯ ನೆನಪಾಗುತ್ತದೆ.

----
> ವಿಲಕ್ಷಣ ಸ್ಥಿತಿ

ಬೇಡ. ‘ಕೊಂಕು’ ಇದೆ. ಕೊಕ್ಕೆ, ಕೊಂಕಿ ಎಲ್ಲವೂ ಅದೇ ಬೇರಿನವು, ಬಾಗಿದ್ದು ಎಂದರ್ಥ. ‘ಕೊಂಕುಬಗೆ’ ಎಂದು ಹಾಕಿ. ಮನೆಯಲ್ಲೇ ಬೇರು ಇರುವಾಗ ಸಂಸ್ಕೃತದ ಬಾಗಿಲು ತಟ್ಟುವುದೇಕೆ?

----
> ಕೊಂಕುಬಗೆ

ಇಂದಿನ ಓದುಗರಿಗೆ ಕೊಂಕು ಎಂದರೆ ಚುಚ್ಚುಮಾತು. ಬ್ರೌಸರ್ ಯಾರನ್ನು ಹಂಗಿಸುತ್ತಿದೆ?

ಇಲ್ಲಿ ಬಾಗಿದ್ದೂ ಏನಿಲ್ಲ. ಪುಟದ ಒಂದು ಚೌಕಕ್ಕೆ ನಾವು ಕೊಟ್ಟ ಅಗಲ 200 ಪಿಕ್ಸೆಲ್, ಒಳಗಿನ ಖಾಲಿ ಜಾಗ ಎಡಬಲಕ್ಕೆ 20ರಂತೆ, ಅಂಚಿನ ಗೆರೆ 5ರಂತೆ ಎಂದಿಟ್ಟುಕೊಳ್ಳಿ. ನಿಯಮದಂತೆ ಚೌಕ ಒಟ್ಟು 250 ಆಗಬೇಕು. ವಿಂಡೋಸ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಎಲ್ಲವನ್ನೂ 200ರೊಳಗೇ ತುರುಕಿ ಬರಹಕ್ಕೆ 150 ಬಿಡುತ್ತಿತ್ತು. 2001ರಲ್ಲಿ ಬಂದ 6ನೆಯ ಆವೃತ್ತಿ ಸರಿಲೆಕ್ಕ ಕಲಿತರೂ, ಡಾಕ್‌ಟೈಪ್ ಇಲ್ಲದ ಪುಟಗಳು ಕೆಡದಿರಲೆಂದು ಅವುಗಳ ಮಟ್ಟಿಗೆ ಹಳೆಯ ಲೆಕ್ಕವನ್ನೇ ಇಟ್ಟುಕೊಂಡಿತು. ಗೊತ್ತಿದ್ದೂ ಬಿಡದ ಅಭ್ಯಾಸ ಇದು. ಇದಕ್ಕೆ ನಮ್ಮಲ್ಲಿ ‘ಹಳೇ ಚಾಳಿ’ ಎನ್ನುತ್ತಾರೆ.

(ಅಂದು ನಾವೆಲ್ಲ ಬೈದ ಆ ಲೆಕ್ಕವನ್ನೇ ಈಗ ವಿನ್ಯಾಸದ ನಿಯಮದಲ್ಲಿ ‘ಬಾರ್ಡರ್-ಬಾಕ್ಸ್’ ಎಂದು ಬರೆದು, ಕೇಳಿ ಹಾಕಿಸಿಕೊಳ್ಳುತ್ತೇವೆ!)

----
> ಹಳೇ ಚಾಳಿ

ಚಾಳಿ ಕನ್ನಡವಲ್ಲ, ಉತ್ತರದ ಸಾಲ.

----
ಆಗಿರಲಿ. ಕಾಗದ, ಕುರ್ಚಿ, ಜೇಬುಗಳನ್ನು ಮೊದಲು ನಿಮ್ಮ ಮನೆಯಿಂದ ಹೊರಗೆ ಹಾಕಿ, ಆಮೇಲೆ ಮಾತನಾಡೋಣ.

----
ಬ್ರೌಸರ್ ಬಂತು, ಮೋಡ್ ಬಂತು, ಪಿಕ್ಸೆಲ್ ಬಂತು. ಹೀಗೇ ಬಿಟ್ಟರೆ ಕನ್ನಡದ್ದೆಂದು ಉಳಿಯುವುದು ‘ಅನ್ನು, ಇಂದ, ಗೆ’ ಮಾತ್ರ.

----
ಜಗಳದ ನಡುವೆ ಒಂದು ಮಾತು: ‘ಹ್ಯಾಕ್’ಗೆ, ಅಂದರೆ ಒಂದು ಬ್ರೌಸರಿನ ಎಡವಟ್ಟು ದಾಟಲು ಮಾಡುವ ಉಪಾಯಕ್ಕೆ, ಏನು ಹಾಕಿದ್ದೀರಿ? ‘ತೇಪೆ’ ಆಗದು, ತೇಪೆ ಹಾಕುವುದು ಹರಿದದ್ದಕ್ಕೆ. ಎಕ್ಸ್‌ಪ್ಲೋರರ್ 6 ಮತ್ತು ಅದಕ್ಕೂ ಹಳೆಯವು ಮಾತ್ರ ಓದಲೆಂದು ನಿಯಮದ ಮುಂದೆ ನಕ್ಷತ್ರ ಚಿಹ್ನೆ, ಅದರ ಪಕ್ಕ ‘html’ ಇಟ್ಟು (* html) ಬರೆಯುತ್ತಿದ್ದೆವು. ಅಲುಗಾಡುವ ಮಂಚದ ಒಂದೇ ಕಾಲಿಗೆ ರಟ್ಟು ಮಡಿಸಿ ಒತ್ತು ಕೊಟ್ಟಂತೆ. ‘ಒತ್ತು’ ಸಾಕಲ್ಲ?

----
ಎಲ್ಲರಿಗೂ ಧನ್ಯವಾದ. ‘ಹಳೇ ಚಾಳಿ’ ಎಂದೇ ಕಳುಹಿಸಿದೆ. ‘ಒತ್ತು’ ಕೂಡ ಸೇರಿತು. ಕರಡು ತಿದ್ದುವವರು ತಲೆಬರಹವನ್ನು ‘ಹಳೆಯ ಚಾಳಿ’ ಮಾಡಿ ಹಿಂದಿರುಗಿಸಿದ್ದಾರೆ. ಈ ಹೊತ್ತಿನಲ್ಲಿ ಅವರೊಡನೆ ವಾದಿಸುವ ಶಕ್ತಿ ನನಗಿಲ್ಲ.