ಓದುಗರ ಸ್ಪಂದನ: ಒಂದು ವರ್ಷ ಬಿಟ್ಟು ಅರ್ಜಿ ಹಾಕಲೇ?

ಹನ್ನೆರಡನೇ ತರಗತಿಯ ವಿದ್ಯಾರ್ಥಿನಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಗೊಂದಲ ಹೇಳಿಕೊಂಡಿದ್ದರು. ಬ್ರಿಟನ್, ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಈ ವರ್ಷವೇ ಅರ್ಜಿ ಹಾಕು ಎನ್ನುತ್ತಾರೆ ಮನೆಯವರು. ವಿದ್ಯಾರ್ಥಿನಿಗೋ ಒಂದು ವರ್ಷ ಗ್ಯಾಪ್ ತೆಗೆದುಕೊಂಡು ಅರ್ಜಿ ಗಟ್ಟಿ ಮಾಡಿಕೊಳ್ಳುವ ಆಸೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗೀ, ನಿನ್ನ ಪತ್ರ ಹಳೆಯ ಗಾಯ ಕೆದಕಿತು. ಆ ಕಥೆ ಬೇಡ, ಲೆಕ್ಕ ಮಾತ್ರ ಹೇಳುತ್ತೇನೆ.

ಗ್ಯಾಪ್ ವರ್ಷಕ್ಕೆ ಹನ್ನೆರಡು ತಿಂಗಳಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ವೈದ್ಯಕೀಯಕ್ಕೆ ಯೂಕಾಸ್ (ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ವ್ಯವಸ್ಥೆ) ಗಡುವು ಅಕ್ಟೋಬರ್ 15. ಅಮೆರಿಕದ ಬಹಳಷ್ಟು ಕಾಲೇಜುಗಳಲ್ಲಿ ಅರ್ಜಿಯ ಸಾಮಾನ್ಯ ಸುತ್ತು ಜನವರಿ ಮೊದಲ ವಾರಗಳಲ್ಲೇ ಮುಗಿಯುತ್ತದೆ. ಜೂನ್‌ನಲ್ಲಿ ಕೆಲಸ ಹುಡುಕಿ ಆಗಸ್ಟ್‌ನಲ್ಲಿ ಸೇರಿದರೆ, ಅಕ್ಟೋಬರಿಗೆ ತೋರಿಸಲು ಎರಡೇ ತಿಂಗಳ ದುಡಿಮೆ. ಫೆಬ್ರವರಿಯಲ್ಲಿ ಎಷ್ಟೇ ದೊಡ್ಡ ಕೆಲಸ ಮಾಡು, ಅರ್ಜಿ ಆಗಲೇ ಹೋಗಿರುತ್ತದೆ. ಹಳೆಯ ಅಂಕಪಟ್ಟಿಯಂತೂ ಬದಲಾಗದು.

ಫಾರಂನಲ್ಲಿ ಜಾಗವೂ ಕಡಿಮೆ. ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆ, ಒಂದೊಂದರ ವಿವರಣೆಗೆ ಖಾಲಿ ಜಾಗವೂ ಸೇರಿ 150 ಅಕ್ಷರ. ‘ಮಕ್ಕಳ ಗ್ರಂಥಾಲಯದಲ್ಲಿ ಸೇವೆ ಸಲ್ಲಿಸಿ ಅಪಾರ ಅನುಭವ ಪಡೆದೆ’ ಎಂದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ‘600 ಪುಸ್ತಕಗಳ ಪಟ್ಟಿ ತಯಾರಿಸಿದೆ, ಎರವಲು ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿದೆ’ ಎಂದರೆ ಕಣ್ಣಿಗೆ ಕಟ್ಟುತ್ತದೆ. ವಾರಕ್ಕೆಷ್ಟು ಗಂಟೆ, ವರ್ಷಕ್ಕೆಷ್ಟು ವಾರ ಎಂಬುದಕ್ಕೆ ಬೇರೆ ಅಂಕಣಗಳಿವೆ. ಅದನ್ನು ಈ 150ರಲ್ಲಿ ತುರುಕಬೇಡ. ಯೂಕಾಸ್ ಕೂಡ 2026ರ ಪ್ರವೇಶದಿಂದ ಒಂದೇ ಪ್ರಬಂಧ ಬಿಟ್ಟು ಮೂರು ಪ್ರಶ್ನೆ ಕೇಳುತ್ತಿದೆ: ಒಟ್ಟು 4000 ಅಕ್ಷರ, ಪ್ರತಿ ಉತ್ತರಕ್ಕೂ ಕನಿಷ್ಠ 350. ತರಗತಿಯ ಹೊರಗಿನ ತಯಾರಿಗೆ ಮೂರನೆಯ ಪ್ರಶ್ನೆ. ಗ್ಯಾಪ್ ವರ್ಷವನ್ನು ಹೇಳಿಕೊಳ್ಳುವ ಜಾಗ ಅದೇ.

ಇನ್ನು ಎಲ್ಲರೂ ಎಡವುವುದು ಶಿಫಾರಸು ಪತ್ರದಲ್ಲಿ. ಶಾಲೆ ಬಿಡುವ ಮೊದಲೇ ಇಬ್ಬರು ಶಿಕ್ಷಕರನ್ನು ಕೇಳಿ, ನೀನು ಮಾಡಿದ ಪ್ರಾಜೆಕ್ಟ್‌ಗಳ ಒಂದು ಪುಟದ ಪಟ್ಟಿ ಕೈಗೆ ಕೊಟ್ಟು ಬಾ. ಮುಂದಿನ ವರ್ಷ ಅವರು ಬೇರೆ ಊರಿನಲ್ಲಿರಬಹುದು, ನಿನ್ನ ಮುಖ ಮರೆತಿರಲೂಬಹುದು.
– ನಿವೃತ್ತ ಉಪನ್ಯಾಸಕಿ

ದೀರ್ಘ ಪತ್ರ, ಆದರೆ ಕತ್ತರಿ ಹಾಕಲು ಮನಸ್ಸು ಬರಲಿಲ್ಲ. ಮುಂದಿನದಕ್ಕೆ ಕತ್ತರಿಯ ಅಗತ್ಯವೇ ಬೀಳಲಿಲ್ಲ.

ನಿಮ್ಮ ಪತ್ರದಲ್ಲಿ ವಿಶ್ವವಿದ್ಯಾಲಯಗಳ ಹೆಸರು ನಾಲ್ಕು ಕಡೆ ಇದೆ. ಏನು ಓದಬೇಕೆಂದಿದ್ದೀರಿ ಎಂಬುದು ಒಂದು ಕಡೆಯೂ ಇಲ್ಲ. ಮೊದಲು ಅದನ್ನು ಬರೆಯಿರಿ.
– ಒಬ್ಬ ಓದುಗ

ಹಾಕುವುದೋ ಬಿಡುವುದೋ ಎಂಬ ಎರಡೇ ದಾರಿಯೇ? ಮೂರನೆಯದನ್ನು ತೋರಿಸಿದವರು ಇವರು.

ಈಗಲೇ ಅರ್ಜಿ ಹಾಕಿ, ಸೀಟು ಸಿಕ್ಕಮೇಲೆ ಒಂದು ವರ್ಷ ಮುಂದೂಡಿ. ಯೂಕಾಸ್‌ನಲ್ಲಾದರೆ ಅರ್ಜಿಯಲ್ಲೇ ಮರುವರ್ಷದ ಆರಂಭ ದಿನಾಂಕ ಆರಿಸಬಹುದು. ಆದರೆ ಎಲ್ಲ ಕೋರ್ಸ್‌ಗಳೂ ಒಪ್ಪುವುದಿಲ್ಲ. ವಿಭಾಗಕ್ಕೆ ಮೊದಲೇ ಇಮೇಲ್ ಮಾಡಿ ಕೇಳಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಸೀಟು ಒಪ್ಪಿಕೊಂಡ ಮೇಲೆ, ವರ್ಷವಿಡೀ ಏನು ಮಾಡುತ್ತೀರಿ ಎಂದು ಬರೆದು ಮನವಿ ಸಲ್ಲಿಸಬೇಕು. ಎರಡು ಕಡೆ ಕಾಲು ಜಾರುತ್ತದೆ. ವಿದ್ಯಾರ್ಥಿವೇತನ ಮರುವರ್ಷಕ್ಕೂ ಉಳಿಯುತ್ತದೆಯೇ ಎಂದು ಲಿಖಿತವಾಗಿ ಕೇಳದಿರುವುದು ಒಂದು. ಆ ವರ್ಷ ಬೇರೆ ಕಾಲೇಜಿನಲ್ಲಿ ಕ್ರೆಡಿಟ್ (ಪದವಿಗೆ ಲೆಕ್ಕವಾಗುವ ಅಂಕ) ಸಿಗುವ ಕೋರ್ಸ್ ಸೇರುವುದು ಇನ್ನೊಂದು. ಅದರಿಂದ ಮುಂದೂಡಿದ ಸೀಟು ರದ್ದಾಗಬಹುದು, ಟ್ರಾನ್ಸ್‌ಫರ್ ವಿದ್ಯಾರ್ಥಿಯಾಗಿ ಹೊಸದಾಗಿ ಅರ್ಜಿ ಹಾಕುವ ಪಾಡೂ ಬರಬಹುದು.
– ಪ್ರವೇಶ ಸಲಹೆಗಾರರು

ಮನೆಯವರೂ ವಿದ್ಯಾರ್ಥಿನಿಯೂ ಕೂತು ಓದಬೇಕಾದ ಪತ್ರವಿದು. ಕೊನೆಯದು, ಕೇಳದ ಪ್ರಶ್ನೆಗೆ ಉತ್ತರ.

ಗಣಿತವೋ ಭೌತಶಾಸ್ತ್ರವೋ ಆದರೆ ಕೈ ಜಡ್ಡುಗಟ್ಟುತ್ತದಮ್ಮಾ. ಗ್ಯಾಪ್ ಎಂದರೆ ಕೆಲವು ಗಣಿತ ವಿಭಾಗಗಳು ಹಿಂದೆಮುಂದೆ ನೋಡುವುದು ಇದಕ್ಕೇ. ಗಡಿಯಾರ ಇಟ್ಟುಕೊಂಡು ವಾರಕ್ಕೆ ಮೂರು ದಿನ ಒಂದೊಂದು ಗಂಟೆ ಲೆಕ್ಕ ಬಿಡಿಸು. ಮೊದಲು ಮರೆತುಹೋಗುವುದು ಸೂತ್ರವಲ್ಲ, ಬೀಜಗಣಿತ ಬಿಡಿಸುವ ವೇಗ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ನಡೆಯುತ್ತದೆ. ಹನ್ನೊಂದನೇ ತರಗತಿಯಲ್ಲೇ ಬರೆದಿದ್ದರೆ ಸೇರುವ ಹೊತ್ತಿಗೆ ಅವಧಿ ಮುಗಿದಿರುತ್ತದೆ, ತಾರೀಖು ನೋಡಿಕೋ.
– ಗಣಿತದ ಮೇಷ್ಟ್ರು