ಮುಂದಿನ ಸೀಸನ್ನಿಗೆ ಕರೆಯಲಿಲ್ಲ, ಅಷ್ಟೇ

(ನಮ್ಮ 1998ರ ಎಸ್ಸೆಸ್ಸೆಲ್ಸಿ ಬ್ಯಾಚಿನ ಗುಂಪಿನಲ್ಲಿ ಭಾನುವಾರ ನಡೆದ ಜಗಳ ಇದು. ಗುಂಪನ್ನು ಮ್ಯೂಟ್ ಮಾಡಿಟ್ಟವರೆಲ್ಲ ಸೋಮವಾರ ಎದ್ದು ‘ಏನಾಯ್ತು, ಏನಾಯ್ತು’ ಎಂದು ನನಗೆ ಫೋನ್ ಮಾಡುತ್ತಿದ್ದಾರೆ. ಅದಕ್ಕೆ ಒಟ್ಟಿಗೆ ಹಾಕಿದ್ದೇನೆ. ಗುಡ್ ಮಾರ್ನಿಂಗ್ ಹೂವುಗಳನ್ನೂ ಹರೀಶನ ಎರಡು ಬೈಗುಳವನ್ನೂ ತೆಗೆದಿದ್ದೇನೆ. ಉಳಿದದ್ದು ಇದ್ದ ಹಾಗೇ ಇದೆ. ಅಡ್ಮಿನ್ ಲೋಕೇಶ)

ಗಣಿತ ಸರ್, ಬೆಳಿಗ್ಗೆ 6:52
[ಹಲವು ಬಾರಿ ಫಾರ್ವರ್ಡ್ ಆಗಿದೆ]
ಎಚ್ಚರ!! 2030ರೊಳಗೆ ಮಾಯವಾಗುವ ಕೆಲಸಗಳು: ಬ್ಯಾಂಕ್ ಕ್ಯಾಷಿಯರ್, ಟೈಪಿಸ್ಟ್, ಡ್ರೈವರ್, ಶಿಕ್ಷಕ, ಅಕೌಂಟೆಂಟ್, ಕೃಷಿ ಕಾರ್ಮಿಕ... ಇದು ವಿಶ್ವ ಆರ್ಥಿಕ ವೇದಿಕೆಯ ವರದಿ!! ನಿಮ್ಮ ಮಕ್ಕಳ ಮೇಲೆ ಪ್ರೀತಿ ಇದ್ದರೆ 10 ಜನರಿಗೆ ಕಳಿಸಿ.

ಹರೀಶ ಮಡಿಕೇರಿ
ಸರ್, ನಿಮ್ಮ ಕೆಲಸವೂ ಪಟ್ಟಿಯಲ್ಲಿದೆ. ಒಳ್ಳೇ ಟೈಮಿಗೆ ರಿಟೈರ್ ಆದಿರಿ.

ದಿನೇಶ ಸುಂಟಿಕೊಪ್ಪ
ಕೃಷಿ ಕಾರ್ಮಿಕ ಮಾಯವಾಗಲು 2030ರ ತನಕ ಯಾಕೆ ಕಾಯಬೇಕು ಸರ್? ನಮ್ಮ ಕಾಫಿ ತೋಟದ ಆಳುಗಳಿರುವ ಲೈನ್ ಮನೆಗೆ ಬಂದು ನೋಡಿ. ಇರುವುದು ಆರು, ನಾಲ್ಕಕ್ಕೆ ಬೀಗ.

ಪ್ರಕಾಶ ಬೆಂಗಳೂರು
ಸರ್, ಬೇಜಾರು ಮಾಡಿಕೊಳ್ಳಬೇಡಿ. ಇದರಲ್ಲಿ ಅರ್ಧ ಸುಳ್ಳಿದೆ. ಆ ವರದಿ 2025ರ ಜನವರಿಯಲ್ಲಿ ಬಂತು, ನಾನು ಓದಿದ್ದೇನೆ. ಸಾವಿರಕ್ಕೂ ಹೆಚ್ಚು ಕಂಪನಿಗಳನ್ನು ಕೇಳಿ ಮಾಡಿದ ಅಂದಾಜು ಅದು. 2030ರೊಳಗೆ ಜಗತ್ತಿನಲ್ಲಿ 9.2 ಕೋಟಿ ಕೆಲಸ ಹೋಗುತ್ತದೆ, 17 ಕೋಟಿ ಹೊಸದು ಹುಟ್ಟುತ್ತದೆ ಎಂದು ಅದರಲ್ಲಿದೆ. ಅಂದರೆ 7.8 ಕೋಟಿ ಲಾಭವೇ. ಕ್ಯಾಷಿಯರ್, ಟಿಕೆಟ್ ಕೊಡುವವರು, ಡೇಟಾ ಎಂಟ್ರಿಯವರು ಕಡಿಮೆಯಾಗುತ್ತಾರೆ ಎನ್ನುವುದು ನಿಜ. ಆದರೆ ಕೃಷಿ ಕಾರ್ಮಿಕರು ಜಾಸ್ತಿಯಾಗುವ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದಾರೆ. ಡೆಲಿವರಿಯವರು, ಕಟ್ಟಡ ಕೆಲಸದವರು, ನರ್ಸ್‌ಗಳು, ಟೀಚರ್‌ಗಳು ಕೂಡ ಜಾಸ್ತಿಯಾಗುವ ಕಡೆಗೇ ಇದ್ದಾರೆ. ಈ ಫಾರ್ವರ್ಡ್ ಬರೆದವನು ಆ ವರದಿಯನ್ನು ದೂರದಿಂದಲೂ ನೋಡಿಲ್ಲ.

ದಿನೇಶ ಸುಂಟಿಕೊಪ್ಪ
ಜಾಸ್ತಿಯಾಗುವ ಆ ಕೃಷಿ ಕಾರ್ಮಿಕರ ವಿಳಾಸ ಕಳಿಸು ಮಾರಾಯ. ಈಗಲೇ ಪಿಕಪ್ ಕಳಿಸುತ್ತೇನೆ.

ರಜಿಯಾ ವಿರಾಜಪೇಟೆ
ಇಂಥ ಪಟ್ಟಿ ಯಾರು ಮಾಡಿದರೂ ನನ್ನ ಕೆಲಸ ಅದರಲ್ಲಿ ಇದ್ದೇ ಇರುತ್ತದೆ. ನಾನು ಸೇರಿದಾಗ ನಮ್ಮ ಬ್ರಾಂಚಿನಲ್ಲಿ ಮೂವರು ಕ್ಯಾಷಿಯರ್ ಇದ್ದರು, ಈಗ ನಾನೊಬ್ಬಳೇ. ಆದರೆ ಕೈ ಕಟ್ಟಿ ಕೂತಿಲ್ಲ. ನೋಟು ಎಣಿಸುವುದನ್ನು ಮೆಷಿನ್ ಮಾಡುತ್ತದೆ. ನಾನು ಓಟಿಪಿ ಹೇಳಿ ದುಡ್ಡು ಕಳೆದುಕೊಂಡ ಅಜ್ಜಂದಿರನ್ನು ಸಮಾಧಾನ ಮಾಡುತ್ತೇನೆ, ಅವರು ಕಣ್ಣು ಒರೆಸಿಕೊಂಡ ಮೇಲೆ ಇನ್ಶೂರೆನ್ಸ್ ಮಾರುತ್ತೇನೆ. ಟಾರ್ಗೆಟ್ ಇದೆಯಲ್ಲ.

ಹರೀಶ ಮಡಿಕೇರಿ
ಅದನ್ನೇ ನಾನೂ ಹೇಳುವುದು. ಕೆಲಸ ಎಲ್ಲೂ ಹೋಗುವುದಿಲ್ಲ, ವೇಷ ಬದಲಿಸುತ್ತದೆ ಅಷ್ಟೇ. ನಮ್ಮಪ್ಪನಿಗೆ ಎಸ್‌ಟಿಡಿ ಬೂತ್ ಇತ್ತು, ನಿಮಗೆಲ್ಲ ನೆನಪಿರಬೇಕು, ಹಳದಿ ಬೋರ್ಡು, ಗಾಜಿನ ಬಾಗಿಲು, ರಾತ್ರಿ ಚಾರ್ಜ್ ಕಡಿಮೆ ಆಗುವ ತನಕ ಹೊರಗೆ ಚಳಿಯಲ್ಲಿ ಕಾಯುವ ಜನ. ಮೊಬೈಲ್ ಬಂತು, ಎರಡೇ ವರ್ಷದಲ್ಲಿ ಬೂತ್ ಕಥೆ ಮುಗಿಯಿತು. ಅಪ್ಪ ಅತ್ತರಾ? ಅದೇ ಕೋಣೆಗೆ ಮಂಚ ಹಾಕಿಸಿದರು, ಅದು ಇವತ್ತು ನಮ್ಮ ಹೋಂಸ್ಟೇ. ಬದಲಾಗುವವನು ಬದುಕುತ್ತಾನೆ. ಸುಮ್ನೆ ಗೋಳಾಡುವವರಿಗೆ ಯಾವ ಕಾಲದಲ್ಲೂ ಕೆಲಸ ಇಲ್ಲ.

ಸವಿತಾ ಕುಶಾಲನಗರ
ನಿಮ್ಮಪ್ಪನಿಗೆ ಮೇನ್ ರೋಡಿನಲ್ಲಿ ಕೋಣೆ ಇತ್ತು ಹರೀಶ.

ಹರೀಶ ಮಡಿಕೇರಿ
ಹಾಗಂದ್ರೆ?

ಸವಿತಾ ಕುಶಾಲನಗರ
ಮಂಚ ಹಾಕಿಸಲು ಕೋಣೆ ಬೇಕಲ್ಲ, ಅದನ್ನು ಹೇಳಿದೆ.

ದಿನೇಶ ಸುಂಟಿಕೊಪ್ಪ
ಶುರುವಾಯ್ತು.

ಗಣಿತ ಸರ್
ಸವಿತಾ, ಬಿಡಿಸಿ ಹೇಳಮ್ಮ.

ಸವಿತಾ ಕುಶಾಲನಗರ
ಹೇಳುತ್ತೇನೆ ಸರ್. ಅಂಗಡಿಯಲ್ಲಿದ್ದೇನೆ, ಜೆರಾಕ್ಸ್‌ಗೆ ಒಬ್ಬರು ಬಂದಿದ್ದಾರೆ, ಐದು ನಿಮಿಷ.

ಸವಿತಾ ಕುಶಾಲನಗರ, 9:40
ನಮ್ಮಮ್ಮ ಇಲ್ಲೇ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ಹದಿನೈದು ವರ್ಷ ಕಾಫಿ ಬೀಜ ಆರಿಸುತ್ತಿದ್ದರು. ನಿಮ್ಮಲ್ಲಿ ತೋಟದವರಿಗೂ ಅದು ಅಷ್ಟಾಗಿ ಗೊತ್ತಿಲ್ಲ, ಯಾಕೆಂದರೆ ಚೀಲ ಗೇಟು ದಾಟಿದ ಮೇಲೆ ಏನಾಗುತ್ತದೆ ಎಂದು ನೀವು ನೋಡುವುದಿಲ್ಲ. ದೊಡ್ಡ ಶೆಡ್ಡು, ಸಾಲಾಗಿ ಹೆಂಗಸರು, ಮುಂದೆ ಬೀಜದ ರಾಶಿ. ಕಪ್ಪಾದದ್ದು, ಕಂದಾದದ್ದು, ಒಡೆದದ್ದು ಎಲ್ಲ ಬೇರೆ. ಅದಕ್ಕೆ ಬಿಬಿಬಿ ಎನ್ನುತ್ತಾರೆ, ಬ್ಲ್ಯಾಕ್, ಬ್ರೌನ್, ಬಿಟ್ಸ್. ನಾವು ಐದನೇ ಕ್ಲಾಸಿನಲ್ಲಿ ಎಬಿಸಿಡಿ ಕಲಿಯುವ ಮೊದಲೇ ನನಗೆ ಬಿಬಿಬಿ ಗೊತ್ತಿತ್ತು. ಅಮ್ಮ ರಾಶಿ ನೋಡುತ್ತಲೇ ಇರಲಿಲ್ಲ, ಪಕ್ಕದವರ ಜೊತೆ ಮಾತಾಡುತ್ತಾ ಇದ್ದರೆ ಬೆರಳು ತಾನಾಗಿ ಕಪ್ಪನ್ನು ಹುಡುಕಿ ಎಸೆಯುತ್ತಿತ್ತು. ನನ್ನ ಫೀಸು, ಅಕ್ಕನ ಮದುವೆ ಎಲ್ಲ ಆ ಬೆರಳಿನಿಂದ.
ನಾನು ಡಿಗ್ರಿ ಮುಗಿಸಿದ ವರ್ಷ ಕಲರ್ ಸಾರ್ಟರ್ ಬಂತು. ಬೀಜ ಮೇಲಿನಿಂದ ಸುರಿಯುತ್ತದೆ, ಕ್ಯಾಮೆರಾ ನೋಡುತ್ತದೆ, ಕಪ್ಪು ಕಂಡರೆ ಪುಸ್ ಎಂದು ಗಾಳಿ ಊದಿ ಪಕ್ಕಕ್ಕೆ ಹಾರಿಸುತ್ತದೆ. ಅಮ್ಮನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಯಾರೂ ಬೈಯಲಿಲ್ಲ, ನೋಟೀಸ್ ಕೊಡಲಿಲ್ಲ. ಮುಂದಿನ ಸೀಸನ್ನಿಗೆ ಕರೆಯಲಿಲ್ಲ, ಅಷ್ಟೇ. ಅಮ್ಮ ಎರಡು ತಿಂಗಳು ಬೆಳಿಗ್ಗೆ ಬುತ್ತಿ ಕಟ್ಟಿಟ್ಟುಕೊಂಡು ಮೇಸ್ತ್ರಿಯ ಮಗ ಬಂದು ಹೇಳುತ್ತಾನೆ ಎಂದು ಕಾದರು.
ಆಗ ಯಾವ ವರದಿಯೂ ಬರಲಿಲ್ಲ. ಈಗ ಕಂಪ್ಯೂಟರ್ ಮುಂದೆ ಕೂರುವವರ ಸರದಿ ಬಂದಿದೆ ಎಂದಾಗ ಎಲ್ಲರಿಗೂ ಎಚ್ಚರ ಆಗಿದೆ, ಎಚ್ಚರ ಅನ್ನುವುದಕ್ಕೆ ಎರಡೆರಡು ಆಶ್ಚರ್ಯ ಚಿಹ್ನೆ ಬೇರೆ.

ರಜಿಯಾ ವಿರಾಜಪೇಟೆ
ಇದು ನನಗೆ ಗೊತ್ತೇ ಇರಲಿಲ್ಲ ಕಣೆ. ಒಂದೇ ಬೆಂಚಿನಲ್ಲಿ ಕೂತಿದ್ದೆವು.

ದಿನೇಶ ಸುಂಟಿಕೊಪ್ಪ
ಸವಿತಾ, ನಿನ್ನ ಮಾತಿಗೆ ಎದುರು ಹೇಳುವುದಿಲ್ಲ. ಆದರೆ ಈಗ ಕೆಲಸ ಇದೆಯಲ್ಲ, ಬರುವವರು ಇಲ್ಲ. ರೋಬಸ್ಟಾ ಕಾಫಿ ಹಣ್ಣು ಗಿಡದಲ್ಲೇ ಒಣಗುತ್ತಿದೆ. 2024ರಲ್ಲಿ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, 50 ಕೆಜಿ ಚೀಲಕ್ಕೆ 10 ಸಾವಿರ ರೂಪಾಯಿ ದಾಟಿತು ಎಂದು ಊರೆಲ್ಲ ನಮ್ಮನ್ನು ಕುಬೇರರ ಹಾಗೆ ನೋಡುತ್ತಿದೆ. ಕುಯ್ಯುವ ಕೈ ಇಲ್ಲದಿದ್ದರೆ ರೇಟು ಕಟ್ಟಿಕೊಂಡು ಏನು ಮಾಡಲಿ? ಅಸ್ಸಾಮಿನಿಂದ ಬಂದ ಎಂಟು ಜನ ಇದ್ದರು, ಮೂವರು ಪಕ್ಕದ ತೋಟದವರು ಕೆಜಿಗೆ ಐವತ್ತು ಪೈಸೆ ಜಾಸ್ತಿ ಕೊಟ್ಟರೆಂದು ಹೋದರು. ನಮ್ಮ ಹಳೇ ಲೈನಿನವರ ಮಕ್ಕಳು ಇದಾರಲ್ಲ, ಕುಶಾಲನಗರದ ಬಟ್ಟೆ ಅಂಗಡಿಯಲ್ಲಿ ಕಡಿಮೆ ಸಂಬಳಕ್ಕೆ ನಿಲ್ಲುತ್ತಾರೆ, ತೋಟಕ್ಕೆ ಬರುವುದಿಲ್ಲ.

ಸವಿತಾ ಕುಶಾಲನಗರ
ನಿನ್ನ ಮಗಳು ಬರುತ್ತಾಳಾ ಕುಯ್ಯಲು?

ದಿನೇಶ ಸುಂಟಿಕೊಪ್ಪ
ಅವಳು ಸೆಕೆಂಡ್ ಪಿಯುಸಿ ಕಣೆ.

ಸವಿತಾ ಕುಶಾಲನಗರ
ಅವರೂ ಪಿಯುಸಿ ಮಾಡಿದವರೇ. ಅಂಗಡಿಯಲ್ಲಿ ಫ್ಯಾನ್ ಇದೆ, ಜಿಗಣೆ ಇಲ್ಲ, ಬೆಳಿಗ್ಗೆ ಆನೆ ಇದೆಯಾ ಹೋಗಿದೆಯಾ ಎಂದು ಕೇಳಿಕೊಂಡು ಒಳಗೆ ಕಾಲಿಡುವ ಕೆಲಸ ಇಲ್ಲ.

ದಿನೇಶ ಸುಂಟಿಕೊಪ್ಪ
ಈ ಸಂದೇಶವನ್ನು ಅಳಿಸಲಾಗಿದೆ

ಹರೀಶ ಮಡಿಕೇರಿ
ನಾನು ಓದಿದೆ, ನಾನು ಓದಿದೆ.

ಪ್ರಕಾಶ ಬೆಂಗಳೂರು
ದಿನಿ, ಕುಯ್ಯಲು ಮೆಷಿನ್ ತರಬಹುದಲ್ವಾ? ಬ್ರೆಜಿಲಿನಲ್ಲಿ ಟ್ರ್ಯಾಕ್ಟರಿನ ಹಾಗೆ ಒಂದು ಗಿಡದ ಸಾಲಿನ ಮೇಲೇ ಹೋಗುತ್ತದೆ, ವಿಡಿಯೋ ನೋಡಿದ್ದೆ.

ದಿನೇಶ ಸುಂಟಿಕೊಪ್ಪ
ಬ್ರೆಜಿಲಿನಲ್ಲಿ ಚಪ್ಪಟೆ ನೆಲ, ಬಯಲು, ಗಿಡ ನೇರ ಸಾಲಿನಲ್ಲಿ. ನಮ್ಮದು ಇಳಿಜಾರು ಬರೆ, ಮೇಲೆ ನೆರಳಿನ ಮರ, ಮರಕ್ಕೆ ಕರಿಮೆಣಸಿನ ಬಳ್ಳಿ, ನಡುವೆ ಒಂದೆರಡು ಕಿತ್ತಳೆ. ಆ ಮೆಷಿನ್ ನಮ್ಮ ಗೇಟಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎಲ್ಲಿ ಸಾಧ್ಯವೋ ಅಲ್ಲೆಲ್ಲ ಮೆಷಿನ್ ಬಂದಾಗಿದೆ. ಕಳೆ ತೆಗೆಯಲು ಮೊದಲು ಹತ್ತು ಜನ ಕತ್ತಿ ಹಿಡಿದು ಒಂದು ವಾರ. ಈಗ ಬ್ರಷ್ ಕಟರ್ ಹಿಡಿದು ಇಬ್ಬರು. ಸ್ಪ್ರಿಂಕ್ಲರ್ ಮೋಟರ್ ಹಾಸಿಗೆಯಿಂದಲೇ ಫೋನಿನಲ್ಲಿ ಆನ್ ಮಾಡುತ್ತೇನೆ. ಕುಯ್ಲು ಮಾತ್ರ ಕೈಯಲ್ಲೇ. ಅರೇಬಿಕಾ ಆದರೆ ಹಣ್ಣಾದದ್ದನ್ನೇ ನೋಡಿ ಮೂರ್ನಾಲ್ಕು ಸಲ ಕುಯ್ಯಬೇಕು.

ಸವಿತಾ ಕುಶಾಲನಗರ
ಹತ್ತರಲ್ಲಿ ಇಬ್ಬರು. ಉಳಿದ ಎಂಟು ಜನ ವರ್ಷದಲ್ಲಿ ಎಂಟು ತಿಂಗಳು ಏನು ಮಾಡಬೇಕಿತ್ತು ದಿನೇಶ? ನಿನಗೆ ಕುಯ್ಲು ಬರುವ ತನಕ ಲೈನಿನಲ್ಲಿ ಕಾಯುತ್ತಾ ಕೂರಬೇಕಿತ್ತಾ? ನೀನೂ ತೆಗೆಯಲಿಲ್ಲ. ಕರೆಯಲಿಲ್ಲ.

(ಇಲ್ಲಿ ಸುಮಾರು ಅರ್ಧ ಗಂಟೆ ಯಾರೂ ಏನೂ ಹಾಕಲಿಲ್ಲ. ಮೇಲೆ ‘ದಿನೇಶ ಟೈಪ್ ಮಾಡುತ್ತಿದ್ದಾರೆ’ ಎಂದು ಬರುತ್ತಿತ್ತು, ಹೋಗುತ್ತಿತ್ತು. ಅಡ್ಮಿನ್.)

ದಿನೇಶ ಸುಂಟಿಕೊಪ್ಪ
ಲೆಕ್ಕ ಹಾಕಿದರೆ ಹೌದು.

ಗಣಿತ ಸರ್
ಪ್ರಕಾಶ, ನೀನು ಬೆಳಿಗ್ಗೆ ಮಾಡಿದ ಲೆಕ್ಕ ಈಗ ನೋಡಿದೆ. 17ರಲ್ಲಿ 9.2 ಕಳೆದರೆ 7.8, ಸರಿ. ಆದರೆ ಸಜಾತಿ ಪದಗಳನ್ನು ಮಾತ್ರ ಕಳೆಯಬೇಕು ಎಂದು ಎಂಟನೇ ಕ್ಲಾಸಿನಲ್ಲಿ ಹೇಳಿದ್ದೆ. ಹೋದ ಕೆಲಸದಲ್ಲಿದ್ದವನೇ ಬಂದ ಕೆಲಸದಲ್ಲಿ ಇರುತ್ತಾನೆ ಎಂದು ಯಾರು ಹೇಳಿದರು? ಸವಿತಾಳ ತಾಯಿ 9.2ರಲ್ಲಿ, ಆ ಸಾರ್ಟರ್ ರಿಪೇರಿಗೆ ಬರುವ ಹುಡುಗ 17ರಲ್ಲಿ. ಇದು ವಿಜಾತಿ. ಅರ್ಧ ಮಾರ್ಕ್ಸ್ ಕಟ್.

ಹರೀಶ ಮಡಿಕೇರಿ
ಸರ್, ಸೂಪರ್.

ಪ್ರಕಾಶ ಬೆಂಗಳೂರು
ಒಪ್ಪಿದೆ ಸರ್. ಸವಿತಾ ಹೇಳಿದ್ದು ಓದಿದ ಮೇಲೆ ನನ್ನದೂ ಹೇಳುತ್ತೇನೆ. ನಾನು ಮಾಡುವುದು ಟೆಸ್ಟಿಂಗ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಎತ್ತಿ ಹಾಕುವುದು, ಒಂದು ರೀತಿ ಬಿಬಿಬಿ ಆರಿಸುವುದೇ. ಮೊದಲು ಇಂಥಿಂಥದ್ದನ್ನು ಪರೀಕ್ಷಿಸಬೇಕು ಎಂದು ಹೊಸ ಹುಡುಗರು ಕೂತು ಒಂದೊಂದೇ ಬರೆಯುತ್ತಿದ್ದರು. ಈಗ ಎಐ ಬರೆಯುತ್ತದೆ, ನಾನು ಸರಿ ತಪ್ಪು ನೋಡಿ ಟಿಕ್ ಹಾಕುತ್ತೇನೆ. ತೋಟದ ರೈಟರ್ ಹಾಜರಿ ಪುಸ್ತಕ ಹಿಡಿದು ನಿಂತ ಹಾಗೆ, ಆಳುಗಳು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ನಮ್ಮಲ್ಲೂ ಯಾರನ್ನೂ ತೆಗೆದಿಲ್ಲ. ಆದರೆ ಮೂರು ವರ್ಷದಿಂದ ನಮ್ಮ ಟೀಮಿಗೆ ಒಬ್ಬ ಫ್ರೆಶರ್ ಬಂದಿಲ್ಲ. ಬಿಟ್ಟು ಹೋದವರ ಕುರ್ಚಿ ಹಾಗೇ ಇದೆ, ಅದರ ಮೇಲೆ ನಾವು ಬ್ಯಾಗ್ ಇಡುತ್ತೇವೆ.

ದಿನೇಶ ಸುಂಟಿಕೊಪ್ಪ
ಪ್ರಕಾಶ, ನನ್ನ ಮಗಳಿಗೆ ಸಿಇಟಿ ಮುಗಿದ ಮೇಲೆ ಕಂಪ್ಯೂಟರ್ ಸೈನ್ಸೇ ಬೇಕಂತೆ. ನೀನೇ ಹೋದ ವರ್ಷ ಅದಕ್ಕೇ ಸೇರಿಸು ಎಂದಿದ್ದೆ.

ಪ್ರಕಾಶ ಬೆಂಗಳೂರು
ಎಂದಿದ್ದೆ. ಈಗ ಏನು ಹೇಳಲಿ ಎಂದು ನನಗೇ ತೋಚುತ್ತಿಲ್ಲ. ಅವಳಿಗೆ ಲೆಕ್ಕ ಇಷ್ಟ ಇದ್ದರೆ ಓದಲಿ. ಕೋರ್ಸಿನ ಹೆಸರು ನೋಡಿ ಮಾತ್ರ ಬೇಡ. ಮೊದಲ ಕೆಲಸ ಸಿಗುವುದೇ ಕಷ್ಟ ಆಗಿರುವುದು, ಹತ್ತು ವರ್ಷ ಅನುಭವ ಇದ್ದವನಿಗೆ ಇನ್ನೂ ಬೆಲೆ ಇದೆ. ಆದರೆ ಮೊದಲ ವರ್ಷವನ್ನೇ ಕೊಡದಿದ್ದರೆ ಹತ್ತು ವರ್ಷ ಎಲ್ಲಿಂದ ಬರುತ್ತದೆ?

ರಜಿಯಾ ವಿರಾಜಪೇಟೆ
ಹರೀಶ, ನಿಮ್ಮಣ್ಣನ ಮಗ ಬೆಂಗಳೂರಿನಲ್ಲಿ ಡೆಲಿವರಿ ಮಾಡುತ್ತಿದ್ದನಲ್ಲ, ಹೇಗಿದ್ದಾನೆ?

ಹರೀಶ ಮಡಿಕೇರಿ
ಊರಿಗೆ ಬಂದಿದ್ದಾನೆ. ಮಾಂದಲಪಟ್ಟಿಗೆ ಜೀಪ್ ಓಡಿಸುತ್ತಿದ್ದಾನೆ, ಸೀಸನ್ ಇದ್ದಾಗ. ಮಳೆಯಲ್ಲಿ ಆರ್ಡರ್ ಲೇಟಾಯಿತೆಂದು ಯಾರೋ ಕಂಪ್ಲೇಂಟ್ ಕೊಟ್ಟರಂತೆ. ಮರುದಿನ ಬೆಳಿಗ್ಗೆ ಆ್ಯಪ್ ತೆರೆಯಲಿಲ್ಲ. ಐಡಿ ಬ್ಲಾಕ್. ಯಾರಿಗೆ ಫೋನ್ ಮಾಡುವುದು? ಆ ಕಡೆ ಮನುಷ್ಯರೇ ಇಲ್ಲ, ಒಂದೇ ಉತ್ತರ ತಿರುಗಿ ತಿರುಗಿ ಬರುತ್ತದೆ.

ಸವಿತಾ ಕುಶಾಲನಗರ
ನೋಡಿದೆಯಾ.

ಹರೀಶ ಮಡಿಕೇರಿ
ನೋಡಿದೆ ಮಾರಾಯ್ತಿ. ಬೆಳಿಗ್ಗೆ ನಾನು ಜಾಸ್ತಿ ಮಾತಾಡಿದೆ.

ರಜಿಯಾ ವಿರಾಜಪೇಟೆ
ಅದಕ್ಕೆ ಈಗ ಕಾನೂನು ಇದೆ. 2025ರಲ್ಲಿ ನಮ್ಮ ರಾಜ್ಯವೇ ಗಿಗ್ ಕಾರ್ಮಿಕರ, ಅಂದರೆ ಹೀಗೆ ಆ್ಯಪ್ ಮೂಲಕ ದುಡಿಯುವವರ, ಕಾಯ್ದೆ ಮಾಡಿತು. ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು ಕೊಟ್ಟು 14 ದಿನ ಮೊದಲು ತಿಳಿಸಬೇಕು. ಪ್ರತಿ ಸಲ ಅವರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಸುಮ್ನೆ ಕೂರಬೇಡ, ಹುಡುಗನ ಹೆಸರು ನೋಂದಾಯಿಸಲು ಹೇಳು. ಇವರು ಹತ್ತಿಪ್ಪತ್ತು ಜನ ಅಲ್ಲ. 2020-21ರಲ್ಲೇ ದೇಶದಲ್ಲಿ 77 ಲಕ್ಷ ಇದ್ದರು, 2029-30ಕ್ಕೆ 2.35 ಕೋಟಿ ಆಗುತ್ತಾರೆ ಎಂದು ನೀತಿ ಆಯೋಗ ಅಂದಾಜು ಮಾಡಿತ್ತು.

ಹರೀಶ ಮಡಿಕೇರಿ
ಜೀಪ್ ಓಡಿಸುವವನನ್ನು ಈಗ ಗಿಗ್ ಎನ್ನುತ್ತಾರಾ?

ರಜಿಯಾ ವಿರಾಜಪೇಟೆ
ಇಲ್ಲ. ಜೀಪಿಗೆ ಆ್ಯಪ್ ಇಲ್ಲವಲ್ಲ.

ಹರೀಶ ಮಡಿಕೇರಿ
ಆಯ್ತು ಬಿಡು. ಅಲ್ಲಿ ಕೂಗಿದರೆ ಕೇಳಲು ಯೂನಿಯನ್ ಸೆಕ್ರೆಟರಿಯಾದರೂ ಇದ್ದಾನೆ.

ಗಣಿತ ಸರ್
ಸವಿತಾ, ನಿನ್ನ ಅಂಗಡಿ ಹೇಗಿದೆ?

ಸವಿತಾ ಕುಶಾಲನಗರ
ಪಹಣಿ, ಸಿಇಟಿ ಅರ್ಜಿ, ಆಧಾರ್ ಎಂದು ಮೊದಲು ಕ್ಯೂ ಇರುತ್ತಿತ್ತು ಸರ್. ಈಗ ಮಕ್ಕಳು ಫೋನಿನಲ್ಲೇ ತುಂಬುತ್ತಾರೆ, ತಪ್ಪಾದ ಮೇಲೆ ನನ್ನ ಹತ್ತಿರ ಬರುತ್ತಾರೆ. ತಪ್ಪು ಮಾಡುವವರು ಇರುವ ತನಕ ನಡೆಯುತ್ತದೆ.

ಗಣಿತ ಸರ್
ಅಮ್ಮ ಹೇಗಿದ್ದಾರೆ? ಈಗಲೂ ಬೀಜ ಆರಿಸುತ್ತಾರಾ?

ಸವಿತಾ ಕುಶಾಲನಗರ
ಅಕ್ಕಿ ಆರಿಸುತ್ತಾರೆ ಸರ್. ಈಗ ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲೂ ಇಲ್ಲ, ಹುಳವೂ ಇಲ್ಲ, ಅದನ್ನೂ ಸಾರ್ಟರ್ ಆರಿಸಿರುತ್ತದೆ. ಆದರೂ ಮೊರಕ್ಕೆ ಹಾಕಿಕೊಂಡು ಕೂರುತ್ತಾರೆ. ಕಪ್ಪು ಒಂದೂ ಸಿಗದಿದ್ದರೆ ಅವರಿಗೆ ಸಿಟ್ಟು ಬರುತ್ತದೆ.

ದಿನೇಶ ಸುಂಟಿಕೊಪ್ಪ, ಸಂಜೆ 4:15
[ಫೋಟೋ]
ಸವಿತಾ, ಇದು ನಮ್ಮ ಕಣದಲ್ಲಿರುವ ಚೆರಿ. ಹನ್ನೊಂದು ದಿನ ಆಯಿತು. ಮೋಡ ಬರುತ್ತಿದೆ, ಚೀಲಕ್ಕೆ ತುಂಬಿಸಲಾ? ಅಮ್ಮನನ್ನು ಒಂದು ಮಾತು ಕೇಳು.

ಸವಿತಾ ಕುಶಾಲನಗರ
ತೋರಿಸಿದೆ. ಫೋಟೋ ನೋಡಿ ಏನು ಹೇಳಲಿ, ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು, ಫೋಟೋಕ್ಕೆ ಸದ್ದು ಇದೆಯಾ ಎಂದು ಕೇಳುತ್ತಿದ್ದಾರೆ.

ದಿನೇಶ ಸುಂಟಿಕೊಪ್ಪ
[ವಾಯ್ಸ್ ಮೆಸೇಜ್, 7 ಸೆಕೆಂಡ್]

ಸವಿತಾ ಕುಶಾಲನಗರ
ಎರಡು ಸಲ ಕೇಳಿಸಿಕೊಂಡರು. ಇನ್ನೂ ಎರಡು ಬಿಸಿಲು ಬೇಕಂತೆ.